ಗಮನ ಬೇರೆ ಕಡೆ ಹೋದರೆ ನಿಲ್ಲುವ ನಡುಕ ನಾಟಕ ಅಲ್ಲ

ಬಹುಶಃ ಇದು ಫಂಕ್ಷನಲ್ ನಡುಕ. ಪಾರ್ಕಿನ್ಸನ್ ಇರುವ ನಿಮ್ಮ ತಂದೆಯ ಬಲಗೈ ಹೊಸದಾಗಿ ನಡುಗುತ್ತಿದೆ, ಮಾತಿಗೆ ಕೂತರೆ ನಿಲ್ಲುತ್ತದೆ, ಬೇಕಂತಲೇ ಮಾಡ್ತಾರಾ ಅಂತ ಕೇಳಿದ್ದೀರಿ. ಇಲ್ಲ. ಫಂಕ್ಷನಲ್ ನಡುಕದಲ್ಲಿ ಮೆದುಳು ಕೈಯನ್ನು ಆಡಿಸುವ ರೀತಿಯಲ್ಲೇ ತೊಡಕಾಗಿರುತ್ತದೆ, ಅದು ಅವರ ಹಿಡಿತದಲ್ಲಿಲ್ಲ. ಪಾರ್ಕಿನ್ಸನ್, ಫಂಕ್ಷನಲ್ ನಡುಕ ಎರಡೂ ಒಬ್ಬರಲ್ಲೇ ಇರಬಹುದು.

ಮೊದಲು ಕೈ ತೊಡೆ ಮೇಲಿಟ್ಟು, 100ರಿಂದ ಏಳೇಳು ಕಳೆಯುತ್ತಾ ಹೋಗಲು ಹೇಳಿ. ಲೆಕ್ಕ ಮಾಡುವಾಗ ಪಾರ್ಕಿನ್ಸನ್ ನಡುಕ ಸಾಮಾನ್ಯವಾಗಿ ಜಾಸ್ತಿಯಾಗುತ್ತದೆ, ಫಂಕ್ಷನಲ್ ಆದರೆ ತಗ್ಗುತ್ತದೆ. ಆಮೇಲೆ ನೀವು ಹಾಕುವ ತಾಳಕ್ಕೆ ಎಡಗೈ ಬೆರಳಿಂದ ಮೇಜು ತಟ್ಟಿಸಿ. ಬಲಗೈ ನಿಂತರೆ, ಇಲ್ಲಾ ಅದೇ ತಾಳ ಹಿಡಿದರೆ, ಫಂಕ್ಷನಲ್ ಅನ್ನಲು ಬಲವಾದ ಸುಳಿವು. ಎರಡನ್ನೂ ವಿಡಿಯೋ ಮಾಡಿ, ಅವತ್ತು ಪಾರ್ಕಿನ್ಸನ್ ಮಾತ್ರೆ ಲೆವೊಡೋಪಾ ಎಷ್ಟು ಗಂಟೆಗೆ ಕೊಟ್ಟಿರಿ ಅಂತ ಬರೆದಿಟ್ಟು ನ್ಯೂರಾಲಜಿಸ್ಟ್‌ಗೆ ತೋರಿಸಿ. ಮಾತ್ರೆಯ ಪ್ರಭಾವ ಇಳಿಯುವ ಹೊತ್ತಿಗೆ ಬರುವ ನಡುಕವೂ ಬಂದು ಹೋಗುವಂಥದ್ದೇ ಅಲ್ವಾ, ಹಾಗಾಗಿ ಇಲ್ಲಿಂದ ಖಚಿತವಾಗಿ ಹೇಳಲಾರೆ.

ಡೋಸ್ ನೀವೇ ಏರಿಸಬೇಡಿ. ದಿಢೀರ್ ನಿಲ್ಲಿಸುವುದಂತೂ ಅಪಾಯ. ವಾಂತಿಗೆ ಮೆಟೊಕ್ಲೊಪ್ರಮೈಡ್ ಕೊಟ್ಟಿದ್ದರೆ ಅದನ್ನೂ ಹೇಳಿ, ಪಾರ್ಕಿನ್ಸನ್ ಲಕ್ಷಣಗಳು ಅದರಿಂದ ಹೆಚ್ಚುತ್ತವೆ.

ಫಂಕ್ಷನಲ್ ಅಂತ ಗೊತ್ತಾದರೆ, ಅದರ ಅನುಭವ ಇರುವ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಲು ಕೇಳಿ. ಇಂಥದ್ದೇ ನಡುಕವಿದ್ದ ನಮ್ಮ ಅಮ್ಮ ಹಾಡು ಗುನುಗುತ್ತಾ ಲೋಟ ಎತ್ತಿದರೆ ಒಂದು ಹನಿ ಚೆಲ್ಲುತ್ತಿರಲಿಲ್ಲ. ‘ಕೈ ನೋಡು, ಮತ್ತೆ ನಡುಗ್ತಿದೆ’ ಅಂದರೆ ಅರ್ಧ ಲೋಟ ಖಾಲಿ. ಆ ಮಾತನ್ನು ಮನೆಯಲ್ಲಿ ಇವತ್ತೇ ನಿಲ್ಲಿಸಿ.