ನಾಲ್ವರ ನಾಲ್ಕು ಸಲಹೆ, ಇನಿಷಿಯಲ್ ಮಾತ್ರ ನಿಮ್ಮದು

ಪ್ರಶ್ನೆ: ನಾನು ಸ್ಟ್ರಕ್ಚರಲ್ ಎಂಜಿನಿಯರ್, ಆರು ವರ್ಷದ ಅನುಭವವಿದೆ. ಉಕ್ಕಿನ ಕಟ್ಟಡವೊಂದರಲ್ಲಿ ತೊಲೆ ಕಂಬಕ್ಕೆ ಸೇರುವ ಜಾಯಿಂಟನ್ನು ಉಕ್ಕಿನ ತುಂಡುಗಳನ್ನು ತಯಾರಿಸಿಕೊಡುವ ಫ್ಯಾಬ್ರಿಕೇಟರ್ ತನ್ನ ಅನುಕೂಲಕ್ಕೆ ತಕ್ಕಂತೆ ಬದಲಿಸಿ ಶಾಪ್ ಡ್ರಾಯಿಂಗ್ (ಆ ತಯಾರಿಕೆಯ ವಿವರದ ನಕ್ಷೆ) ಕಳಿಸಿದ್ದ. ‘ಸಣ್ಣ ಬದಲಾವಣೆ, ಇವತ್ತೇ ಹೋಗಬೇಕು’ ಎಂದು ಸೀನಿಯರ್ ಅವಸರ ಮಾಡಿದರು. ಲೆಕ್ಕ ಮಾಡದೆಯೇ ‘ಚೆಕ್ಡ್’ ಎಂಬಲ್ಲಿ ಇನಿಷಿಯಲ್ ಹಾಕಿಬಿಟ್ಟೆ. ಹತ್ತು ದಿನದಿಂದ ನಿದ್ದೆಯಿಲ್ಲ. ವಕೀಲರಾದ ಪತಿ ‘ಬರಹದಲ್ಲಿ ಏನನ್ನೂ ಒಪ್ಪಿಕೊಳ್ಳಬೇಡ’ ಎನ್ನುತ್ತಾರೆ. ಡಾಕ್ಟರಾದ ಅಕ್ಕ ‘ಕಟ್ಟಡದ ಮಾಲೀಕರಿಗೇ ಹೇಳಿಬಿಡು’ ಎನ್ನುತ್ತಾಳೆ. ಆಡಿಟರ್ ಗೆಳತಿ ‘ಕಂಪನಿಯೊಳಗೆ ಒಂದೊಂದೇ ಮೆಟ್ಟಿಲು ಹತ್ತು’ ಎನ್ನುತ್ತಾಳೆ. ಪತ್ರಕರ್ತನಾದ ಚಿಕ್ಕಪ್ಪನ ಮಗ ಡ್ರಾಯಿಂಗ್ ಪ್ರತಿ ಕೇಳುತ್ತಿದ್ದಾನೆ. ಯಾರ ಮಾತು ಕೇಳಲಿ?

ಉತ್ತರ: ಯಾರ ಮಾತು ಎನ್ನುವುದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆಯಿದೆ. ಆ ಉಕ್ಕು ಈಗ ಎಲ್ಲಿದೆ? ಫ್ಯಾಬ್ರಿಕೇಟರ್ ಶೆಡ್ಡಿನಲ್ಲೋ, ಸೈಟಿನಲ್ಲಿ ಇಳಿದಿದೆಯೋ, ಮೇಲೇರಿ ಅದರ ಮೇಲೆ ಸ್ಲ್ಯಾಬ್ ಬಿದ್ದಿದೆಯೋ? ನಾಳೆ ಬೆಳಗ್ಗೆ ಕಚೇರಿಗೆ ಹೋದೊಡನೆ ಇದನ್ನು ತಿಳಿದುಕೊಳ್ಳಿ. ಶೆಡ್ಡಿನಲ್ಲಿದ್ದರೆ ನಿಮ್ಮ ಕೈಯಲ್ಲಿ ಕೆಲವು ದಿನಗಳಿವೆ. ಜನ ಓಡಾಡುತ್ತಿದ್ದರೆ ಗಂಟೆಗಳ ಲೆಕ್ಕ.

ಎರಡನೆಯದು, ಜಾಯಿಂಟಿನ ಲೆಕ್ಕ. ಬಹಳಷ್ಟು ಕಡೆ ತಪ್ಪುವುದು ‘ಭಾರ ಅಷ್ಟೇ ಇದೆಯಲ್ಲ’ ಎಂಬ ಸಮಾಧಾನದಲ್ಲಿ. ಭಾರ ಅಷ್ಟೇ ಇದ್ದರೂ ಅದು ಇಳಿಯುವ ದಾರಿ ಬದಲಾಗಿರುತ್ತದೆ. ತೊಲೆಯ ತುದಿಯಲ್ಲಿ 200 ಕಿಲೋನ್ಯೂಟನ್ ಇದೆ ಎಂದುಕೊಳ್ಳಿ. ಕಂಬದ ಮುಖದಿಂದ ಬೋಲ್ಟ್ ಸಾಲು 50 ಮಿ.ಮೀ. ದೂರದಲ್ಲಿದ್ದರೆ ಅಲ್ಲಿ ಹುಟ್ಟುವ ಮೊಮೆಂಟ್, ಅಂದರೆ ಬಾಗಿಸುವ ಒತ್ತಡ, 10 ಕಿಲೋನ್ಯೂಟನ್-ಮೀಟರ್ (ಭಾರ ಗುಣಿಸು ದೂರ). ಸ್ಪ್ಯಾನರ್ ಆಡಲು ಜಾಗ ಬೇಕೆಂದು ಫ್ಯಾಬ್ರಿಕೇಟರ್ ಆ ಸಾಲನ್ನು 80 ಮಿ.ಮೀ.ಗೆ ಸರಿಸಿದರೆ ಅದೇ 16 ಆಗುತ್ತದೆ. ಒಂದು ಕಿಲೋ ಭಾರವೂ ಹೆಚ್ಚದೆ ಮೊಮೆಂಟ್ ಶೇ. 60 ಏರಿತು. ಬೋಲ್ಟ್ ತಡೆದುಕೊಂಡರೂ ವೆಲ್ಡ್ ತಡೆಯದಿರಬಹುದು, ಪ್ಲೇಟ್ ಬಾಗಬಹುದು, ಕಂಬದ ನಡುವಿನ ತೆಳು ತಗಡು (ವೆಬ್) ಸೋಲಬಹುದು. ಆದ್ದರಿಂದ ಬೋಲ್ಟನ್ನು ಮಾತ್ರ ನೋಡಿ ನಿಲ್ಲಿಸಬೇಡಿ. ತೊಲೆಯಿಂದ ಕಂಬದವರೆಗೆ ಭಾರ ದಾಟುವ ಪ್ರತಿಯೊಂದು ತುಂಡನ್ನೂ ನೋಡಿ. ಹಳೆಯ ಸ್ಪ್ರೆಡ್‌ಶೀಟನ್ನೇ ತೆರೆದು ಅಂಕಿ ಬದಲಿಸುವುದು ಬೇಡ, ಅದರೊಳಗಿನ ತಪ್ಪು ನಿಮ್ಮ ಜೊತೆಗೇ ಬರುತ್ತದೆ. ಖಾಲಿ ಹಾಳೆಯಲ್ಲಿ ಕೈಯಿಂದ ಮಾಡಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. 1981ರ ಜುಲೈ 17ರಂದು ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ತೂಗುಸೇತುವೆಯಂಥ ಎರಡು ನಡೆದಾರಿಗಳು ಕುಸಿದು 114 ಜನ ಸತ್ತರು. ಮೂಲ ವಿನ್ಯಾಸದಲ್ಲಿ ಛಾವಣಿಯಿಂದ ಇಳಿದ ಒಂದೇ ಉದ್ದ ಸರಳು ಎರಡನ್ನೂ ಹೊರಬೇಕಿತ್ತು. ಕೆಲಸ ಸುಲಭವಾಗಲೆಂದು ಅದನ್ನು ಎರಡು ತುಂಡು ಮಾಡಿ, ಕೆಳಗಿನ ದಾರಿಯನ್ನು ಮೇಲಿನ ದಾರಿಯ ತೊಲೆಗೆ ನೇತುಹಾಕಿದರು. ನೆಲುವಿನ ಹಗ್ಗಕ್ಕೆ ಎರಡು ಗಡಿಗೆ ಬೇರೆ ಬೇರೆ ಕಟ್ಟುವ ಬದಲು, ಮೇಲಿನ ಗಡಿಗೆಯ ಕಂಠಕ್ಕೇ ಕೆಳಗಿನದನ್ನು ಕಟ್ಟಿದ ಹಾಗೆ. ಮೇಲಿನ ತೊಲೆಯ ನಟ್ಟಿನ ಮೇಲೆ ಭಾರ ಎರಡು ಪಟ್ಟಾಯಿತು. ಆ ಶಾಪ್ ಡ್ರಾಯಿಂಗ್ ಮೇಲೆ ಎಂಜಿನಿಯರ್ ಮುದ್ರೆಯಿತ್ತು, ಜಾಯಿಂಟಿನ ಲೆಕ್ಕವನ್ನು ಮಾತ್ರ ಯಾರೂ ಮಾಡಿರಲಿಲ್ಲ. ಜವಾಬ್ದಾರಿ ಫ್ಯಾಬ್ರಿಕೇಟರದ್ದು ಎಂಬ ವಾದ ನಿಲ್ಲದೆ ಎಂಜಿನಿಯರ್‌ಗಳು ಮಿಸೌರಿ ರಾಜ್ಯದ ಪರವಾನಗಿ ಕಳೆದುಕೊಂಡರು.

ನಿಮ್ಮ ಜಾಯಿಂಟ್ ಲೆಕ್ಕಕ್ಕೆ ನಿಲ್ಲಲೂಬಹುದು. ಆಗಲೂ ಹೇಳಬೇಕೇ? ಹೇಳಲೇಬೇಕು. ‘ಚೆಕ್ಡ್’ ಎಂದರೆ ಎರಡನೆಯವರೊಬ್ಬರು ನೋಡಿದ್ದಾರೆ ಎಂದರ್ಥ. ಈಗ ನೀವೇ ಒಬ್ಬರೇ ಕೂತು ನೋಡಿಕೊಂಡರೆ ನಿಮ್ಮ ತಪ್ಪನ್ನು ನೀವೇ ಪಾಸು ಮಾಡಿದಂತೆ.

ಇನ್ನು ಆ ನಾಲ್ವರು. ಪ್ರತಿಯೊಬ್ಬರೂ ತಮ್ಮ ವೃತ್ತಿಯ ಮಟ್ಟಿಗೆ ಸರಿಯಾಗಿಯೇ ಹೇಳಿದ್ದಾರೆ. ವೃತ್ತಿ ಯಾರಿಗೆ ಋಣಿ ಎನ್ನುವುದರ ಮೇಲೆ ಅದರ ನೀತಿ ನಿಲ್ಲುತ್ತದೆ. ಅಕ್ಕನ ಮುಂದೆ ರೋಗಿ ಕೂತಿರುತ್ತಾನೆ. ತಪ್ಪಾದರೆ ಅನುಭವಿಸುವವನು ಅವನೇ ಆದ್ದರಿಂದ ಮೊದಲು ತಿಳಿಯಬೇಕಾದವನೂ ಅವನೇ. ನಿಮ್ಮ ಕಟ್ಟಡದಲ್ಲಿ ಓಡಾಡುವವರ ಮುಖವನ್ನೇ ನೀವು ನೋಡಿಲ್ಲ, ಮಾಲೀಕರು ಅವರಲ್ಲಿ ಒಬ್ಬರು ಮಾತ್ರ. ಅಲ್ಲದೆ ಲೆಕ್ಕವಿಲ್ಲದೆ ಮಾಲೀಕರ ಬಳಿ ಓಡಿದರೆ ಅವರು ಕೇಳುವ ಮೊದಲ ಪ್ರಶ್ನೆಗೇ, ‘ಅಪಾಯ ಇದೆಯೋ ಇಲ್ಲವೋ’ ಎಂಬುದಕ್ಕೆ, ನಿಮ್ಮಲ್ಲಿ ಉತ್ತರವಿರುವುದಿಲ್ಲ.

ನಿಮ್ಮ ಪತಿಯ ವೃತ್ತಿ ಕಕ್ಷಿದಾರನ ಗುಟ್ಟು ಕಾಯುವುದರ ಮೇಲೆ ನಿಂತಿದೆ. ಎದುರು ಪಕ್ಷಕ್ಕೂ ವಕೀಲರಿರುತ್ತಾರೆ, ತೂಗಿ ನೋಡಲು ನ್ಯಾಯಾಧೀಶರಿರುತ್ತಾರೆ ಎಂಬ ಧೈರ್ಯದಿಂದಲೇ ಆ ಗುಟ್ಟು ನ್ಯಾಯವೆನಿಸುತ್ತದೆ. ಬೋಲ್ಟಿನ ಎದುರು ಹಾಗೆ ವಾದಿಸುವವರು ಯಾರೂ ಇಲ್ಲ. ಗುಟ್ಟೇ ಜೀವಾಳವಾದ ವೃತ್ತಿಗಳಲ್ಲೂ ಪ್ರಾಣದ ಪ್ರಶ್ನೆ ಬಂದಾಗ ಬಾಗಿಲು ತೆರೆಯುತ್ತದೆ. ರೋಗಿಯಿಂದ ಮತ್ತೊಬ್ಬರ ಜೀವಕ್ಕೆ ಗಂಭೀರ ಅಪಾಯವಿದ್ದರೆ ಅವರನ್ನು ಕಾಪಾಡುವ ಹೊಣೆ ಮನೋಚಿಕಿತ್ಸಕನಿಗೂ ಇದೆ ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರ ಟರಾಸಾಫ್ ತೀರ್ಪಿನಲ್ಲಿ ಹೇಳಿತು. ಆದರೂ ಪತಿಯ ಎಚ್ಚರಿಕೆಯಲ್ಲಿ ಹುರುಳಿದೆ. ‘ಈ ಜಾಯಿಂಟಿನ ಲೆಕ್ಕ ಮಾಡಿರಲಿಲ್ಲ’ ಎನ್ನುವುದು ಸಂಗತಿ, ಬರೆಯಿರಿ. ‘ಆಗುವ ನಷ್ಟಕ್ಕೆಲ್ಲ ನಾನೇ ಹೊಣೆ’ ಎನ್ನುವುದು ಕಾನೂನಿನ ತೀರ್ಮಾನ, ಅದು ನಿಮ್ಮ ಕೆಲಸವಲ್ಲ. ವೃತ್ತಿ ವಿಮೆಯಿದ್ದರೆ ಷರತ್ತು ಓದಿ. ವಿಷಯವನ್ನು ಬೇಗ ತಿಳಿಸಬೇಕು, ಹೊಣೆ ಒಪ್ಪಿಕೊಳ್ಳುವ ಮೊದಲು ವಿಮೆ ಕಂಪನಿಯನ್ನು ಕೇಳಬೇಕು ಎಂಬ ಎರಡು ಷರತ್ತು ಸಾಮಾನ್ಯವಾಗಿ ಇರುತ್ತವೆ. ಕಾನೂನು ಸಲಹೆಯನ್ನು ಬೇರೆ ವಕೀಲರಿಂದ ಪಡೆಯಿರಿ. ಮನೆಯ ಕಂತು ನಿಮ್ಮ ಸಂಬಳದ ಮೇಲೂ ನಿಂತಿದ್ದರೆ ಪತಿ ನಿರ್ಲಿಪ್ತ ಸಲಹೆಗಾರರಾಗುವುದು ಕಷ್ಟ, ಇದು ಅವರಿಗೂ ಗೊತ್ತು.

ಗೆಳತಿಯ ದಾರಿ ನಿಮಗೆ ಹೆಚ್ಚು ಹತ್ತಿರ. ಅಕೌಂಟೆಂಟ್‌ಗಳ ಅಂತರರಾಷ್ಟ್ರೀಯ ನೀತಿಸಂಹಿತೆ ಐದು ಬಗೆಯ ಅಪಾಯಗಳನ್ನು ಹೆಸರಿಸುತ್ತದೆ: ಸ್ವಹಿತ, ತನ್ನ ಕೆಲಸವನ್ನು ತಾನೇ ಪರಿಶೀಲಿಸುವುದು, ಒಬ್ಬರ ಪರ ವಹಿಸುವುದು, ಅತಿ ಸಲಿಗೆ, ಹೆದರಿಕೆ. ನಿಮ್ಮ ಪ್ರಕರಣದಲ್ಲಿ ಕೊನೆಯ ಎರಡು ಆಗಲೇ ಕೆಲಸ ಮಾಡಿವೆ. ಆದರೆ ಆಡಿಟರ್‌ಗೆ ಮುಂದಿನ ತ್ರೈಮಾಸಿಕದವರೆಗೆ ಕಾಯಲು ಬಹುಮಟ್ಟಿಗೆ ಆಗುತ್ತದೆ, ನಿಮಗೆ ಆಗುವುದಿಲ್ಲ. ಮೆಟ್ಟಿಲು ಹತ್ತಿ, ಪ್ರತಿ ಮೆಟ್ಟಿಲಿಗೂ ಗಡುವು ಇಟ್ಟುಕೊಂಡು ಹತ್ತಿ.

ಮೊದಲ ಮೆಟ್ಟಿಲು ಸೀನಿಯರ್. ಎದುರಿಗೆ ಹೇಳಿ, ಗಂಟೆಯೊಳಗೆ ಮೇಲ್ ಮಾಡಿ. ಮೇಲ್‌ನಲ್ಲಿ ಆರೇ ಸಾಲು ಸಾಕು: ಡ್ರಾಯಿಂಗ್ ಮತ್ತು ರಿವಿಷನ್ ಸಂಖ್ಯೆ, ಇನಿಷಿಯಲ್ ಹಾಕಿದ ದಿನ, ಆಗ ಏನು ಮಾಡಿರಲಿಲ್ಲ, ಈಗಿನ ಲೆಕ್ಕದಲ್ಲಿ ಏನು ಕಂಡಿತು, ಬೇರೊಬ್ಬರು ಸ್ವತಂತ್ರವಾಗಿ ಚೆಕ್ ಮಾಡಲಿ, ಅಲ್ಲಿಯವರೆಗೆ ಆ ತುಂಡುಗಳನ್ನು ಹೋಲ್ಡ್ ಮಾಡಲಿ. ‘ನೀವು ಅವಸರ ಮಾಡಿದಿರಿ’ ಎಂಬ ಸಾಲು ಬೇಡ. ಆ ಸಾಲು ಇದ್ದರೆ ಉತ್ತರ ಜಾಯಿಂಟಿಗೆ ಬರುವುದಿಲ್ಲ, ಆರೋಪಕ್ಕೆ ಬರುತ್ತದೆ. ಉಕ್ಕು ಇನ್ನೂ ಶೆಡ್ಡಿನಲ್ಲಿದ್ದರೆ ಎರಡು ಕೆಲಸದ ದಿನ ಕಾಯಿರಿ. ಆಮೇಲೆ ಡಿಸೈನಿಗೆ ಸಹಿ ಹಾಕಿದ ಮುಖ್ಯ ಎಂಜಿನಿಯರ್, ನಂತರ ಮಾಲೀಕರ ಕಡೆಯ ಎಂಜಿನಿಯರ್, ಕೊನೆಗೆ ಕಟ್ಟಡಕ್ಕೆ ಅನುಮತಿ ಕೊಟ್ಟ ಪ್ರಾಧಿಕಾರ. ಲೆಕ್ಕ ಸೋತಿದ್ದು ಉಕ್ಕು ಆಗಲೇ ಮೇಲೇರಿದ್ದರೆ ಈ ಸರದಿಯನ್ನು ಒಂದೇ ದಿನದಲ್ಲಿ ಮುಗಿಸಿ. ಕೆಳಗೆ ಆನಿಕೆ ಕೊಡಿಸುವುದು, ಆ ಭಾಗಕ್ಕೆ ಜನ ಹೋಗದಂತೆ ತಡೆಯುವುದು ಮೊದಲು.

ಚಿಕ್ಕಪ್ಪನ ಮಗನಿಗೆ ಡ್ರಾಯಿಂಗ್ ಕೊಡಬೇಡಿ. ಕಂಪನಿಯ ಕಾಗದವನ್ನು ಸ್ವಂತ ಮೇಲ್‌ಗೂ ಕಳಿಸಿಕೊಳ್ಳಬೇಡಿ. ಒಂದು ತಪ್ಪನ್ನು ಸರಿಪಡಿಸಲು ಹೋಗಿ ಇನ್ನೊಂದು ನಿಮ್ಮ ಹೆಸರಿಗೆ ಬೀಳುತ್ತದೆ. ದಿನಾಂಕ ಹಾಕಿದ ನೋಟ್‌ಬುಕ್ಕಿನಲ್ಲಿ ಯಾರಿಗೆ ಎಷ್ಟು ಹೊತ್ತಿಗೆ ಏನು ಹೇಳಿದಿರಿ ಎಂದು ಅಂದಂದೇ ಬರೆದಿಡಿ.

ಕೆಲಸ ಹೋಗಬಹುದೇ? ಹೋಗಬಹುದು, ಇಲ್ಲವೆಂದು ಹೇಳುವುದು ಸುಳ್ಳಾದೀತು. 1978ರಲ್ಲಿ ನ್ಯೂಯಾರ್ಕಿನ ಸಿಟಿಕಾರ್ಪ್ ಕಟ್ಟಡದ ಎಂಜಿನಿಯರ್ ವಿಲಿಯಂ ಲೆಮೆಷರ್, ವೆಲ್ಡ್ ಬದಲು ಬೋಲ್ಟ್ ಹಾಕಿದ್ದರಿಂದ ಓರೆಗಾಳಿಗೆ ಜಾಯಿಂಟುಗಳು ಸಾಲವು ಎಂದು ಕಂಡುಕೊಂಡು ತಾವೇ ಮಾಲೀಕರಿಗೆ ಹೇಳಿದರು. ರಾತ್ರಿ ಹೊತ್ತು ಪ್ಲೇಟ್ ಬೆಸೆದು ಸರಿಪಡಿಸಿದರು, ಅವರ ವೃತ್ತಿ ಮುಗಿಯಲಿಲ್ಲ. ಆದರೆ ಒಳಗಿದ್ದ ಜನರಿಗೆ ನಿಜ ತಿಳಿಯದಂತೆ ವರ್ಷಗಟ್ಟಲೆ ಮುಚ್ಚಿಟ್ಟದ್ದನ್ನು ಎಂಜಿನಿಯರ್‌ಗಳೇ ಇಂದಿಗೂ ಟೀಕಿಸುತ್ತಾರೆ. ಅಲ್ಲದೆ ಅವರು ಹೆಸರುವಾಸಿಯಾಗಿದ್ದರು, ನಿಮಗೆ ಆರು ವರ್ಷದ ಅನುಭವ. ಅದಕ್ಕೇ ಆ ಮೇಲ್ ಅಷ್ಟು ಅಚ್ಚುಕಟ್ಟಾಗಿರಬೇಕು.

ಹೊಸ ಲೆಕ್ಕ ಬಂದ ಮೇಲೆ ಹಳೆಯ ಡ್ರಾಯಿಂಗಿನ ಇನಿಷಿಯಲ್ ಕೆರೆದು ತೆಗೆಯಬೇಡಿ, ಹಿಂದಿನ ತಾರೀಖಿನ ಲೆಕ್ಕದ ಹಾಳೆ ಸೇರಿಸಬೇಡಿ. ಹೊಸ ರಿವಿಷನ್ ಹೊರಡಲಿ, ಬದಲಾದ ಜಾಗಕ್ಕೆ ಸುತ್ತುಗೆರೆ ಇರಲಿ, ‘ಚೆಕ್ಡ್’ ಎಂಬಲ್ಲಿ ಬೇರೆಯವರ ಸಹಿ ಬೀಳಲಿ. ಹಳೆಯದು ರದ್ದಾದ ಮುದ್ರೆಯೊಂದಿಗೆ ಫೈಲಿನಲ್ಲೇ ಇರಲಿ, ನಿಮ್ಮ ಇನಿಷಿಯಲ್ ಸಮೇತ.