ಸಾಕ್ಷಿ ಸಹಿಯ ಖಾಲಿ ಗೆರೆ

ಪ್ರಶ್ನೆ: ನನ್ನ ತಮ್ಮ ಮುಂದಿನ ತಿಂಗಳು ಮದುವೆಯಾಗುತ್ತಿದ್ದಾನೆ, ಒಬ್ಬ ಹುಡುಗನನ್ನು. ಅವರಿರುವ ದೇಶದಲ್ಲಿ ಅದಕ್ಕೆ ಕಾನೂನಿದೆ. ಇಬ್ಬರೂ ಎಂಟು ವರ್ಷದಿಂದ ಒಟ್ಟಿಗಿದ್ದಾರೆ. ಆ ಹುಡುಗ ಒಳ್ಳೆಯವನು, ಅದನ್ನು ಒಪ್ಪುತ್ತೇನೆ. ಆದರೆ ನಾನು ದೇವರನ್ನು ನಂಬುವವಳು. ವಾರಕ್ಕೊಮ್ಮೆ ಮಕ್ಕಳಿಗೆ ಪ್ರಾರ್ಥನೆ ಹೇಳಿಕೊಡುತ್ತೇನೆ. ನಮ್ಮ ಧರ್ಮ ಇದನ್ನು ಮದುವೆ ಅನ್ನುವುದಿಲ್ಲ. ತಮ್ಮ ಬರೀ ಕರೆದಿದ್ದರೆ ಹೇಗೋ ಆಗುತ್ತಿತ್ತು, ಸಾಕ್ಷಿಯಾಗಿ ಸಹಿ ಹಾಕು ಅಂತಲೂ ಕೇಳಿದ್ದಾನೆ. ನೋಂದಣಿ ಫಾರಂನ ಫೋಟೋ ಕಳಿಸಿದ್ದಾನೆ. ಎರಡನೇ ಸಾಕ್ಷಿಯ ಹೆಸರು ತುಂಬಿದೆ, ಮೊದಲನೆಯದು ಖಾಲಿ. ‘ಅಕ್ಕಾ, ಇದು ನಿನ್ನ ಜಾಗ’ ಅಂತ ಬರೆದಿದ್ದಾನೆ. ನಮ್ಮ ಪ್ರಾರ್ಥನಾ ಗುಂಪಿನ ಹಿರಿಯರು, ನೀನು ಹೋದರೆ ಒಪ್ಪಿಗೆ ಕೊಟ್ಟ ಹಾಗೆ, ಆಮೇಲೆ ಮಕ್ಕಳಿಗೆ ಹೇಳಿಕೊಡುವುದು ಕಷ್ಟ ಅಂದರು. ಹಕ್ಕು ಬೇಕಾದರೆ ಕೊಡಲಿ, ನನ್ನ ತಕರಾರಿಲ್ಲ, ಅದಕ್ಕೆ ಮದುವೆ ಅಂತಲೇ ಯಾಕೆ ಹೆಸರಿಡಬೇಕು? ಚಿಕ್ಕಂದಿನಲ್ಲೇ ಯಾರಾದರೂ ಡಾಕ್ಟರಿಗೆ ತೋರಿಸಿದ್ದರೆ ಸರಿ ಹೋಗುತ್ತಿದ್ದನೇನೋ ಅಂತಲೂ ಒಮ್ಮೊಮ್ಮೆ ಅನಿಸುತ್ತದೆ. ಹೋಗಲಾ, ಬೇಡವಾ?
— ಒಬ್ಬ ಅಕ್ಕ

ಉತ್ತರ: ನೀವು ಹೆಸರು ಹಾಕಿಲ್ಲ, ಹಾಗಾಗಿ ನಾನೂ ಅಕ್ಕ ಅಂತಲೇ ಕರೆಯುತ್ತೇನೆ. ಅಕ್ಕಾ, ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಹೋಗಿ. ಸಹಿಯನ್ನೂ ಹಾಕಿ. ನಂಬಿಕೆಯನ್ನು ಮನೆಯಲ್ಲಿ ಬಿಟ್ಟು ಹೋಗಿ ಅಂತ ನಾನು ಹೇಳುತ್ತಿಲ್ಲ, ಅದನ್ನು ಜೊತೆಯಲ್ಲೇ ಕರೆದುಕೊಂಡು ಹೋಗಿ.

ಡಾಕ್ಟರ್ ವಿಷಯ ಎರಡೇ ಮಾತಿನಲ್ಲಿ ಮುಗಿಸೋಣ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ಸಲಿಂಗಕಾಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ತೆಗೆಯಿತು. ಕಾಯಿಲೆಯೇ ಅಲ್ಲದ್ದಕ್ಕೆ ಔಷಧಿ ಎಲ್ಲಿಂದ ತರುವುದು? ಈ ಮಾತನ್ನು ತಮ್ಮನ ಎದುರಿಗೆ ಮಾತ್ರ ಆಡಬೇಡಿ. ಬೇರೆ ಎಲ್ಲದಕ್ಕೂ ಅವನು ನಿಮ್ಮನ್ನು ಕ್ಷಮಿಸಿಯಾನು, ಇದು ಮನಸ್ಸಿನಲ್ಲಿ ಉಳಿದುಬಿಡುತ್ತದೆ.

ಈಗ ಆ ಫಾರಂ. ಅದರ ಫೋಟೋ ನನಗೂ ಕಳಿಸಿದ್ದೀರಲ್ವಾ, ದೊಡ್ಡದು ಮಾಡಿಕೊಂಡು ಓದಿದೆ. ಸಾಕ್ಷಿಯ ಗೆರೆಯ ಮೇಲಿರುವುದು ಒಂದೇ ವಾಕ್ಯ. ಇವರಿಬ್ಬರೂ ನನ್ನ ಎದುರಿಗೆ ಸಹಿ ಹಾಕಿದ್ದಾರೆ ಅಂತ. ಅಷ್ಟೇ. ಇವರಿಗೆ ದೇವರ ಆಶೀರ್ವಾದ ಇದೆ ಅಂತಿಲ್ಲ, ಇದು ಸರಿ ಅಂತ ನಾನು ನಂಬುತ್ತೇನೆ ಅಂತಲೂ ಇಲ್ಲ. ಸಾಕ್ಷಿ ಅಂದರೆ ನೋಡಿದವರು. ಅಪಘಾತ ಕಣ್ಣಾರೆ ಕಂಡವನೂ ಸಾಕ್ಷಿಯೇ, ಅವನು ಅಪಘಾತಕ್ಕೆ ಒಪ್ಪಿಗೆ ಕೊಟ್ಟ ಅಂತ ಯಾರೂ ಹೇಳುವುದಿಲ್ಲ. (ಈ ಹೋಲಿಕೆಯನ್ನು ತಮ್ಮನಿಗೆ ಹೇಳಬೇಡಿ, ಮದುವೆ ಮನೆಗೆ ಸರಿಹೋಗುವ ಮಾತಲ್ಲ.)

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಾನು ವಕೀಲರ ಹಾಗೆ ನುಣುಚಿಕೊಂಡಂತೆ. ಸಾಕ್ಷಿ ಬೇಕಿದ್ದರೆ ಆಫೀಸಿನ ಯಾರಾದರೂ ಗೆಳೆಯನನ್ನು ಕರೆಯಬಹುದಿತ್ತು. ಅವನು ನಿಮ್ಮನ್ನು ಕರೆದಿದ್ದು ನೀವು ಅಕ್ಕ ಅಂತ. ನೀವು ಅಲ್ಲಿ ನಿಂತರೆ ಅವನ ಪರ ನಿಂತ ಹಾಗೇ ಕಾಣುತ್ತದೆ, ಹಿರಿಯರು ಹೇಳಿದ್ದು ಅಷ್ಟರಮಟ್ಟಿಗೆ ಸುಳ್ಳಲ್ಲ. ನನ್ನ ಪ್ರಶ್ನೆ ಬೇರೆ. ಒಬ್ಬನ ಪರ ನಿಲ್ಲುವುದಕ್ಕೂ ಅವನು ಮಾಡಿದ್ದೆಲ್ಲ ನನ್ನ ಧರ್ಮಕ್ಕೆ ಸರಿ ಅನ್ನುವುದಕ್ಕೂ ವ್ಯತ್ಯಾಸ ಇಲ್ಲವೇ? ನಿಮ್ಮ ಬಂಧುಬಳಗದಲ್ಲಿ ವಿಚ್ಛೇದನ ಆದವರ ಎರಡನೇ ಮದುವೆ, ಬೇರೆ ಧರ್ಮದವರ ಜೊತೆಗಿನ ಮದುವೆ ಯಾವುದೂ ನಡೆದಿಲ್ಲವೇ? ಹೋಗಿರುತ್ತೀರಿ. ಆಗ ನಿಮ್ಮನ್ನು ಯಾರೂ ಕೂರಿಸಿಕೊಂಡು ಕೇಳಿರಲಿಕ್ಕಿಲ್ಲ.

ಮದುವೆ ಅನ್ನುವ ಒಂದೇ ಪದ ಎರಡು ಕೆಲಸ ಮಾಡುತ್ತಿದೆ, ತಲೆಬಿಸಿ ಆಗುವುದು ಅಲ್ಲೇ. ದೇವರ ಮುಂದೆ ಆಗುವ ಮದುವೆ ಒಂದು, ಸರ್ಕಾರದ ಪುಸ್ತಕದಲ್ಲಿ ಬರೆಸುವ ಮದುವೆ ಇನ್ನೊಂದು. ಎರಡೂ ಒಂದೇ ದಿನ ಒಂದೇ ಜಾಗದಲ್ಲಿ ನಡೆದುಬಿಡುವುದರಿಂದ ನಮಗೆ ಎರಡೂ ಒಂದೇ ಅಂತ ಅನಿಸುತ್ತದೆ. ಐರ್ಲೆಂಡ್ ನೋಡಿ. ಕ್ಯಾಥೊಲಿಕ್ ಚರ್ಚಿನ ಮಾತೇ ಮಾತು ಅನ್ನುವಂತಿದ್ದ ದೇಶ. ಅಲ್ಲಿ ವಿಚ್ಛೇದನಕ್ಕೆ ಸಂವಿಧಾನದಲ್ಲೇ ತಡೆ ಇತ್ತು. 1995ರಲ್ಲಿ ಜನರ ಮತ ಕೇಳಿದಾಗ ಕೂದಲೆಳೆಯ ಅಂತರದಲ್ಲಿ ಆ ತಡೆ ಹೋಯಿತು. ಇಪ್ಪತ್ತು ವರ್ಷದ ನಂತರ, 2015ರಲ್ಲಿ, ಅದೇ ಜನ ಸಲಿಂಗ ಮದುವೆಗೆ ಶೇ 62ರಷ್ಟು ಮತ ಹಾಕಿ ಒಪ್ಪಿಗೆ ಕೊಟ್ಟರು. ಚರ್ಚು ತನ್ನ ನಿಲುವು ಬದಲಿಸಿತೇ? ಇಲ್ಲ. ಇವತ್ತಿಗೂ ಅದರ ಲೆಕ್ಕದಲ್ಲಿ ಮದುವೆ ಅಂದರೆ ಒಂದು ಗಂಡು, ಒಂದು ಹೆಣ್ಣು. ನಮ್ಮ ದೇವರಿಗೆ ಯಾವುದು ಸರಿ ಅನ್ನುವುದು ಒಂದು ಪ್ರಶ್ನೆ, ಪಕ್ಕದ ಮನೆಯವನಿಗೆ ಕಾನೂನು ಏನು ಕೊಡಬೇಕು ಅನ್ನುವುದು ಇನ್ನೊಂದು ಪ್ರಶ್ನೆ ಅಂತ ಮತ ಹಾಕಿದವರಲ್ಲಿ ಎಷ್ಟೋ ಭಕ್ತರು ತೀರ್ಮಾನಿಸಿರಲೇಬೇಕು, ಇಲ್ಲದಿದ್ದರೆ ಅಂಥ ದೇಶದಲ್ಲಿ ಅಷ್ಟು ಮತ ಬೀಳುವುದು ಹೇಗೆ? ಇಂಗ್ಲೆಂಡಿನ 2013ರ ಕಾಯ್ದೆ ಇನ್ನೂ ಬಿಡಿಸಿ ಹೇಳಿದೆ. ಯಾವ ಧಾರ್ಮಿಕ ಸಂಸ್ಥೆಯೂ, ಯಾವ ಧರ್ಮಗುರುವೂ ಇಷ್ಟವಿಲ್ಲದಿದ್ದರೆ ಇಂಥ ಮದುವೆ ಮಾಡಿಸಬೇಕಿಲ್ಲ. ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು ನಾವು ಮಾಡಿಸುತ್ತೇವೆ ಅಂದರು, ಮಾಡಿಸುತ್ತಾರೆ. ಬೇಡ ಅಂದವರು ಬೇಡ ಅಂದರು.

ಹಕ್ಕು ಕೊಡಲಿ, ಹೆಸರು ಬೇಡ ಅಂದಿರಿ. ಈ ಮಾತನ್ನು ಒಳ್ಳೆಯ ಮನಸ್ಸಿನ ಎಷ್ಟೋ ಜನರಿಂದ ಕೇಳಿದ್ದೇನೆ, ನಾನೂ ಹಿಂದೆ ಹೇಳಿದ್ದೆ. ಕೇಳಲು ನ್ಯಾಯವಾಗೇ ಇದೆ. ಡೆನ್ಮಾರ್ಕ್ 1989ರಲ್ಲೇ ಇಂಥದ್ದೊಂದು ದಾರಿ ಮಾಡಿತ್ತು, ನೋಂದಾಯಿತ ಸಹಭಾಗಿತ್ವ ಅಂತ. ಆಮೇಲೆ ಅಲ್ಲೂ ಅದು ಸಾಕಾಗಲಿಲ್ಲ, 2012ರಲ್ಲಿ ಮದುವೆ ಅಂತಲೇ ಆಯಿತು. ಯಾಕೆ ಸಾಕಾಗುವುದಿಲ್ಲ ಅಂತ ನನಗೆ ಅರ್ಥವಾಗಿದ್ದು ಯಾವ ವಾದದಿಂದಲೂ ಅಲ್ಲ, ಇನ್ನೊಂದು ಫಾರಂನ ಕಥೆಯಿಂದ.

ಅಮೆರಿಕದ ಒಹಾಯೊದಲ್ಲಿ ಜಿಮ್ ಒಬರ್ಗಫೆಲ್ ಮತ್ತು ಜಾನ್ ಆರ್ಥರ್ ಅಂತ ಇಬ್ಬರಿದ್ದರು. ಇಪ್ಪತ್ತು ವರ್ಷದ ಸಂಸಾರ. ಆರ್ಥರ್‌ಗೆ ಎಎಲ್‌ಎಸ್ ಅನ್ನುವ ನರರೋಗ ಬಂತು, ಕೈಕಾಲು ಒಂದೊಂದಾಗಿ ಕೈಕೊಡುವ ಕಾಯಿಲೆ. ಒಹಾಯೊದಲ್ಲಿ ಅವರಿಗೆ ಮದುವೆಯಾಗುವ ಅವಕಾಶ ಇರಲಿಲ್ಲ. 2013ರ ಜುಲೈನಲ್ಲಿ ಒಂದು ವೈದ್ಯಕೀಯ ವಿಮಾನ ಮಾಡಿಕೊಂಡು ಮೇರಿಲ್ಯಾಂಡಿಗೆ ಹೋದರು. ಆರ್ಥರ್ ಹಾಸಿಗೆಯಿಂದ ಏಳುವಂತಿರಲಿಲ್ಲ. ವಿಮಾನ ಇಳಿದ ಮೇಲೆ ನಿಲ್ದಾಣದಲ್ಲೇ, ವಿಮಾನದ ಒಳಗೇ ಮದುವೆ. ಮಾಡಿಸಿದ್ದು ಯಾರು ಗೊತ್ತಾ? ಆರ್ಥರ್‌ನ ಅತ್ತೆ, ಸೋದರತ್ತೆಯೋ ಚಿಕ್ಕಮ್ಮನೋ ಅಂತ ಇಂಗ್ಲಿಷಿನಲ್ಲಿ ಗೊತ್ತಾಗುವುದಿಲ್ಲ, ಅಂತೂ ಮನೆಯ ಹಿರಿಯ ಹೆಂಗಸು. ಮುಗಿದ ಕೂಡಲೇ ವಿಮಾನ ವಾಪಸ್.

ಊರಿಗೆ ಬಂದ ಮೇಲೆ ತಿಳಿದಿದ್ದು, ಆರ್ಥರ್ ತೀರಿಕೊಂಡರೆ ಮರಣ ಪ್ರಮಾಣಪತ್ರದಲ್ಲಿ ‘ಅವಿವಾಹಿತ’ ಅಂತಲೇ ಬರೆಯುತ್ತಾರೆ, ಸಂಗಾತಿಯ ಹೆಸರಿನ ಜಾಗ ಖಾಲಿ ಬಿಡುತ್ತಾರೆ ಅಂತ. ಒಂದು ಗೆರೆ, ಅಕ್ಕಾ. ಅದಕ್ಕಾಗಿ ಅವರು ಕೋರ್ಟಿಗೆ ಹೋದರು. ಆರ್ಥರ್ ಅದೇ ಅಕ್ಟೋಬರಿನಲ್ಲಿ ತೀರಿಕೊಂಡರು. ಒಬರ್ಗಫೆಲ್ ಕೇಸು ಬಿಡಲಿಲ್ಲ. 2015ರ ಜೂನ್ 26ರಂದು ಅಮೆರಿಕದ ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಿಂದ ಸಲಿಂಗ ಮದುವೆಯನ್ನು ಇಡೀ ದೇಶಕ್ಕೆ ಹಕ್ಕಾಗಿ ಮಾಡಿದ್ದು ಇದೇ ಕೇಸಿನಲ್ಲಿ.

ಹೆಸರು ಯಾಕೆ ಬೇಕು ಅಂದರೆ ಇದಕ್ಕೆ. ‘ಇವರು ನನ್ನ ಗಂಡ’ ಅಂದರೆ ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಮಸಣದಲ್ಲಿ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಬೇರೆ ಹೆಸರಿಟ್ಟರೆ ಪ್ರತಿ ಕೌಂಟರಿನಲ್ಲೂ ನಿಂತು ವಿವರಿಸಬೇಕು, ಅದೂ ಬದುಕಿನ ತೀರಾ ಕೆಟ್ಟ ದಿನಗಳಲ್ಲಿ. ಎಷ್ಟೋ ದೇಶಗಳಲ್ಲಿ ಇಂದಿಗೂ ಹಾಗೇ ಇದೆ. ಭಾರತದ ಸುಪ್ರೀಂ ಕೋರ್ಟ್ 2018ರಲ್ಲಿ ಸಲಿಂಗ ಸಂಬಂಧ ಅಪರಾಧವಲ್ಲ ಅಂದಿತು, ಆದರೆ 2023ರ ಅಕ್ಟೋಬರಿನಲ್ಲಿ ಮದುವೆ ಮೂಲಭೂತ ಹಕ್ಕಲ್ಲ, ಅದನ್ನು ಶಾಸಕಾಂಗ ನೋಡಿಕೊಳ್ಳಲಿ ಅಂತ ಕೈಬಿಟ್ಟಿತು. ಇನ್ನೊಂದು ಕಡೆ ತೈವಾನ್ 2019ರಲ್ಲಿ, ಥಾಯ್ಲೆಂಡ್ 2025ರ ಜನವರಿಯಲ್ಲಿ ಬಾಗಿಲು ತೆರೆದವು. 2001ರಲ್ಲಿ ನೆದರ್‌ಲ್ಯಾಂಡ್ಸ್‌ನಿಂದ ಶುರುವಾದ ಪಟ್ಟಿ ಈಗ 35 ದೇಶ ದಾಟಿದೆ. ನಿಮ್ಮ ತಮ್ಮ ಆ ಪಟ್ಟಿಯಲ್ಲಿರುವ ಜಾಗದಲ್ಲಿದ್ದಾನೆ, ಅದು ಅವನ ಅದೃಷ್ಟ.

ಇಷ್ಟೆಲ್ಲ ಹೇಳಿ ನಿಮ್ಮ ನಂಬಿಕೆ ಹಳೇ ಕಾಲದ್ದು ಅಂತ ನಾನು ಷರಾ ಬರೆಯುವುದಿಲ್ಲ. ಹಾಗೆ ಬರೆಯುವವರನ್ನು ಕಂಡರೆ ನನಗೂ ಆಗುವುದಿಲ್ಲ. 2015ರ ಆ ತೀರ್ಪಿನಲ್ಲೇ ನ್ಯಾಯಮೂರ್ತಿಗಳು ಹೇಳಿದ ಒಂದು ಮಾತಿದೆ: ಇದನ್ನು ತಪ್ಪು ಅನ್ನುವ ಎಷ್ಟೋ ಜನ ಯೋಗ್ಯವಾದ ಧಾರ್ಮಿಕ ಇಲ್ಲವೇ ತಾತ್ವಿಕ ಕಾರಣದಿಂದಲೇ ಆ ತೀರ್ಮಾನಕ್ಕೆ ಬಂದಿರುತ್ತಾರೆ, ಅವರನ್ನಾಗಲಿ ಅವರ ನಂಬಿಕೆಯನ್ನಾಗಲಿ ಇಲ್ಲಿ ಹೀಗಳೆಯುತ್ತಿಲ್ಲ. ಗೆಲ್ಲಿಸಿದ ತೀರ್ಪಿನ ಒಳಗೇ ಇದೆ ಈ ಮಾತು. ನಂಬುವ ಹಕ್ಕು ನಿಮ್ಮದು. ಅದನ್ನು ಕಾನೂನು ಮಾಡಿ ನಂಬದವರ ಬಾಗಿಲಿಗೆ ಬೀಗ ಹಾಕುವ ಹಕ್ಕು ನಿಮ್ಮದಲ್ಲ, ನನ್ನದೂ ಅಲ್ಲ.

ನಿಮಗೆ ಒಂದು ಗಡಿ ಹಾಕಿಕೊಳ್ಳುವ ಅವಕಾಶವೂ ಇದೆ, ಅದನ್ನು ಬಳಸಿಕೊಳ್ಳಿ. ಬೆಲ್‌ಫಾಸ್ಟಿನ ಒಂದು ಬೇಕರಿಯವರು ‘ಸಲಿಂಗ ಮದುವೆಯನ್ನು ಬೆಂಬಲಿಸಿ’ ಅಂತ ಕೇಕಿನ ಮೇಲೆ ಬರೆಯುವುದಿಲ್ಲ ಅಂದಾಗ ದೊಡ್ಡ ರಗಳೆಯಾಯಿತು. 2018ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಬೇಕರಿಯ ಪರವಾಗಿ ತೀರ್ಪು ಕೊಟ್ಟಿತು. ಗಿರಾಕಿ ಗೇ ಅಂತ ವಾಪಸ್ ಕಳಿಸಿದ್ದಲ್ಲ, ತಾವು ನಂಬದ ಮಾತನ್ನು ಬರೆಯಲು ಒಪ್ಪದಿದ್ದದ್ದು ಅಂತ. ನನಗೆ ಈ ತೀರ್ಪು ಸರಿ ಅನಿಸಿತು, ನನ್ನ ಕೆಲವು ಗೆಳೆಯರು ಇದಕ್ಕಾಗಿ ನನ್ನ ಜೊತೆ ಜಗಳವಾಡಿದ್ದಾರೆ. ನಿಮಗೂ ಅದೇ ಅಳತೆ. ಮೈಕು ಹಿಡಿದು ಭಾಷಣ ಮಾಡಿ ಅಂದರೆ ಬೇಡ ಅನ್ನಿ. ಪ್ರಾರ್ಥನೆ ಹೇಳಿ ಅಂದರೆ, ಮನಸ್ಸು ಬಾರದಿದ್ದರೆ, ಅದೂ ಬೇಡ ಅನ್ನಿ. ನೋಡಿದ್ದನ್ನು ನೋಡಿದೆ ಅಂತ ಬರೆಯುವುದು ಮಾತ್ರ ನಂಬಿಕೆಗೆ ವಿರುದ್ಧವಾದ ಸುಳ್ಳಲ್ಲ.

ಹಿರಿಯರ ವಿಷಯ. ಮಕ್ಕಳ ಪ್ರಾರ್ಥನೆ ಕೈತಪ್ಪಿದರೆ ನಿಮಗೆ ನೋವಾಗುತ್ತದೆ, ಅದು ಸಣ್ಣ ನಷ್ಟ ಅಂತ ದೂರದಲ್ಲಿ ಕೂತು ನಾನು ಹೇಳಲಾರೆ. ಆದರೆ ಕದ್ದು ಹೋಗಬೇಡಿ. ಹೋಗುವ ಮೊದಲೇ ಅವರ ಹತ್ತಿರ ಹೇಳಿ, ‘ನನ್ನ ನಂಬಿಕೆ ಬದಲಾಗಿಲ್ಲ, ತಮ್ಮನೂ ಬದಲಾಗಿಲ್ಲ, ನಾನು ಹೋಗುತ್ತಿದ್ದೇನೆ’ ಅಂತ. ಆಮೇಲೆ ಅವರು ಏನು ಮಾಡುತ್ತಾರೋ ಅದು ಅವರ ಲೆಕ್ಕ. ಫೋಟೋ ಹೊರಬಿದ್ದು ತಿಳಿದರೆ ಕಥೆ ಬೇರೆಯೇ ಆಗುತ್ತದೆ.

ನನ್ನದೊಂದು ಹೇಳುತ್ತೇನೆ. ಹಲವು ವರ್ಷದ ಹಿಂದೆ ನನ್ನ ಗೆಳತಿಯೊಬ್ಬಳ ಮದುವೆಗೆ ನಾನು ಹೋಗಲಿಲ್ಲ. ಅವಳದು ಎರಡನೇ ಮದುವೆ, ಮೊದಲನೆಯದನ್ನು ಅವಳು ಬಿಟ್ಟು ಬಂದ ರೀತಿ ನನಗೆ ಸರಿ ಕಂಡಿರಲಿಲ್ಲ. ಜ್ವರ ಅಂತ ಸುಳ್ಳು ಹೇಳಿದೆ. ಅವಳಿಗೆ ಗೊತ್ತಾಯಿತು ಅಂತ ನನಗೂ ಗೊತ್ತಾಯಿತು. ಆಮೇಲೆ ಪ್ರತಿ ಹುಟ್ಟುಹಬ್ಬಕ್ಕೆ ಮೆಸೇಜು ಕಳಿಸಿದೆ. ‘ಥ್ಯಾಂಕ್ಸ್.’ ಅಂತ ಬರುತ್ತಿತ್ತು, ಕೊನೆಗೊಂದು ಚುಕ್ಕಿ. ಮೊದಲೆಲ್ಲ ಒಂದು ಮೆಸೇಜಿಗೆ ಹತ್ತು ಕಳಿಸುತ್ತಿದ್ದವಳು, ಒಂದಕ್ಕೂ ಚುಕ್ಕಿ ಇಟ್ಟವಳಲ್ಲ. ನನ್ನ ತತ್ವ ಏನೋ ಉಳಿಯಿತು, ಆದರೆ ಅವಳ ಮದುವೆ ಸರಿಯೋ ತಪ್ಪೋ ಅಂತ ಯಾರೂ ನನ್ನನ್ನು ಕೇಳಿರಲೇ ಇಲ್ಲ. ಬರುತ್ತೀಯಾ ಅಂತಷ್ಟೇ ಕೇಳಿದ್ದಳು.

ನಿಮ್ಮ ತಮ್ಮನೂ ಧರ್ಮದ ಬಗ್ಗೆ ನಿಮ್ಮ ಅಭಿಪ್ರಾಯ ಕೇಳಿಲ್ಲ, ಅದು ಅವನಿಗೆ ಚಿಕ್ಕಂದಿನಿಂದ ಗೊತ್ತು. ಗೊತ್ತಿದ್ದೂ ಮೊದಲನೇ ಗೆರೆ ಖಾಲಿ ಬಿಟ್ಟಿದ್ದಾನೆ. ಇಷ್ಟು ಓದಿಯೂ ನಿಮಗೆ ಸಹಿ ಹಾಕಲು ಆಗುವುದೇ ಇಲ್ಲ ಅನಿಸಿದರೆ, ಈ ವಾರವೇ ಹೇಳಿಬಿಡಿ, ಕಡೇ ದಿನದವರೆಗೆ ಅವನನ್ನು ಕಾಯಿಸಬೇಡಿ, ಮತ್ತು ಸಹಿ ಇಲ್ಲದಿದ್ದರೂ ಹೋಗಿ ಕೂತು ಬನ್ನಿ. ‘ನಿನ್ನ ಮೇಲೆ ಪ್ರೀತಿ ಇದೆ, ಆದರೆ’ ಅಂತ ಮಾತ್ರ ಶುರು ಮಾಡಬೇಡಿ. ಆ ‘ಆದರೆ’ ಆದ ಮೇಲೆ ಮುಂಚಿನದು ಯಾರ ಕಿವಿಗೂ ಬೀಳುವುದಿಲ್ಲ.

ಹಾಕುತ್ತೀರಿ ಅಂತಾದರೆ ಉದ್ದದ ಮೆಸೇಜು ಬರೆಯುವ ಗೋಜಿಗೆ ಹೋಗಬೇಡಿ. ಫೋನ್ ಮಾಡಿ, ಸಾಕ್ಷಿಗೆ ಯಾವ ಗುರುತಿನ ಚೀಟಿ ತರಬೇಕು ಅಂತ ಕೇಳಿ. ಅವನಿಗೆ ಅರ್ಥವಾಗುತ್ತದೆ.