ಮಳೆಗಾಲಕ್ಕೆಂದು ತಂದ ಸೆಲ್‌ಗಳನ್ನು ಫ್ರಿಜ್ಜಿನಲ್ಲಿ ಇಡಬೇಕೇ?

ಬದಿಯಡ್ಕದ ಬಳಿ ಹೊಸದಾಗಿ ಮನೆ ಮಾಡಿರುವ ತಾವು ಕೇಳಿದ ಪ್ರಶ್ನೆಗಳು ಇವು: ಮಳೆಗಾಲದಲ್ಲಿ ಕರೆಂಟು ಹೋಗುತ್ತಲೇ ಇರುವುದರಿಂದ ಒಟ್ಟಿಗೆ ತಂದ ಸೆಲ್‌ಗಳನ್ನು ಫ್ರಿಜ್ಜಿನಲ್ಲಿ ಇಟ್ಟರೆ ಹೆಚ್ಚು ಕಾಲ ಬಾಳುತ್ತವೆಯೇ, ಟಾರ್ಚಿನೊಳಗೆ ಸೆಲ್ ಒಸರಿ ಬಿಳಿಯ ಪುಡಿ ಕಟ್ಟುವುದೇಕೆ, ಹಳೆಯ ಸೆಲ್‌ನ ಜೊತೆಗೆ ಹೊಸದನ್ನು ಸೇರಿಸಿ ಹಾಕಬಹುದೇ, ಮುಗಿದವುಗಳನ್ನು ಎಲ್ಲಿಗೆ ಹಾಕಬೇಕು. ನಾನು ಕುಂಬಳೆಯ ಕಡೆ ಬಹುಕಾಲದಿಂದ ರೇಡಿಯೋ, ಗೋಡೆ ಗಡಿಯಾರ, ಟಾರ್ಚ್‌ಗಳ ದುರಸ್ತಿ ಮಾಡಿಕೊಂಡು ಬಂದವನು. ನನ್ನ ಮೇಜಿಗೆ ಬರುವ ಟಾರ್ಚ್‌ಗಳಲ್ಲಿ ಬಿದ್ದು ಒಡೆದವುಗಳಿಗಿಂತ ಒಳಗೇ ಮರೆತುಹೋದ ಸೆಲ್‌ನಿಂದ ಹಾಳಾದವುಗಳೇ ಹೆಚ್ಚು. ಆದುದರಿಂದ ತಮ್ಮ ಎರಡನೆಯ ಪ್ರಶ್ನೆಗೆ ಹೆಚ್ಚು ಜಾಗ ಕೊಟ್ಟು ಉತ್ತರಿಸುತ್ತೇನೆ.

ಫ್ರಿಜ್ಜಿನಲ್ಲಿ ಇಡಬೇಡಿ. ತಂಪಿನಲ್ಲಿ ಸೆಲ್‌ನೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ ಎಂಬುದು ನಿಜವೇ. ಆದರೆ ಈಗ ಅಂಗಡಿಯಲ್ಲಿ ಸಿಗುವ, ಬೆಲೆ ತುಸು ಹೆಚ್ಚಿನ ಆಲ್ಕಲೈನ್ (ಒಳಗೆ ಕ್ಷಾರವಿರುವ) ಸೆಲ್ ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ಸುಮ್ಮನೆ ಇದ್ದಾಗ ವರ್ಷಕ್ಕೆ ಶೇಕಡ 2ರಿಂದ 3ರಷ್ಟು ಶಕ್ತಿಯನ್ನು ಮಾತ್ರ ಕಳೆದುಕೊಳ್ಳುತ್ತದೆ, ಫ್ರಿಜ್ಜಿನಿಂದ ಉಳಿಯುವುದು ಆ ಅಲ್ಪದಲ್ಲಿಯೂ ಒಂದು ಪಾಲು ಅಷ್ಟೆ. ಅದಕ್ಕೆ ಪ್ರತಿಯಾಗಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಸರಗೋಡಿನ ಗಾಳಿಯಲ್ಲಿ ತೇವ ತುಂಬಿರುವಾಗ ತಣ್ಣಗಿನ ಸೆಲ್ಲನ್ನು ಹೊರತೆಗೆದರೆ ಕೂಡಲೇ ಅದರ ಮೈಮೇಲೆ ನೀರಹನಿಗಳು ಕೂರುತ್ತವೆ. ಆ ನೀರು ತುದಿಯ ಲೋಹಕ್ಕೆ ತುಕ್ಕು ಹಿಡಿಸುತ್ತದೆ, ಸೀಲಿನ ಅಂಚಿಗೂ ಇಳಿಯುತ್ತದೆ. ಮೊದಲ ತಲೆಮಾರಿನ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜಬಲ್ ಸೆಲ್‌ಗಳು ಸುಮ್ಮನಿದ್ದರೂ ತಿಂಗಳಿಗೆ ಐದನೆಯ ಒಂದು ಭಾಗಕ್ಕೂ ಮಿಕ್ಕಿ ಖಾಲಿಯಾಗುತ್ತಿದ್ದವು, ಅವುಗಳ ಕಾಲದಲ್ಲಿ ಫ್ರಿಜ್ಜಿನ ಸಲಹೆಗೆ ಒಂದಿಷ್ಟು ಅರ್ಥವಿತ್ತು. 2005ರಲ್ಲಿ ಸಾನ್ಯೋ ಕಂಪೆನಿಯ ಎನೆಲೂಪ್ ಬಂದ ಮೇಲೆ, ಚಾರ್ಜನ್ನು ವರ್ಷದ ಬಳಿಕವೂ ಬಹುಪಾಲು ಉಳಿಸಿಕೊಳ್ಳುವ ಬಗೆಯ ಸೆಲ್‌ಗಳೇ ಹೆಚ್ಚಾಗಿ ಬಳಕೆಗೆ ಬಂದಿರುವುದರಿಂದ ಆ ಅರ್ಥವೂ ಉಳಿದಿಲ್ಲ.

ಹಾಗಾದರೆ ಎಲ್ಲಿಡಬೇಕು ಎಂದರೆ, ನಮ್ಮ ಹಂಚಿನ ಮನೆಗಳಲ್ಲಿ ಮೊದಲು ಬಿಡಬೇಕಾದ ಜಾಗ ಅಟ್ಟ, ಏಕೆಂದರೆ ಮಾರ್ಚ್‌ನಿಂದ ಮೇ ತನಕ ಮಾಡಿನ ಕೆಳಗೆ ಕಾವು ವಿಪರೀತವಾಗಿರುತ್ತದೆ. ಆಮೇಲೆ ಬಿಡಬೇಕಾದದ್ದು ಅಡುಗೆಮನೆಯ ಒಲೆಯ ಹತ್ತಿರದ ಗೂಡು, ಮತ್ತು ಮಳೆಗೆ ನೆನೆಯುವ ಕೆಂಪುಕಲ್ಲಿನ ಹೊರಗೋಡೆಗೆ ತಾಗಿದ ಕಪಾಟು. ಒಳಕೋಣೆಯ ಕಪಾಟಿನ ನಡುವಿನ ಹಲಗೆಯೇ ಒಳ್ಳೆಯದು. ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಕಂಪೆನಿಯ ಪ್ಯಾಕೆಟನ್ನು ಹರಿಯದೆ ಹಾಗೆಯೇ ಇಡಿ. ಹೊಸ ಚಪ್ಪಲಿಯ ಜೊತೆಗೋ ಮಾತ್ರೆಯ ಡಬ್ಬಿಯಲ್ಲೋ ಬರುವ ಸಿಲಿಕಾ ಜೆಲ್‌ನ ಸಣ್ಣ ಪೊಟ್ಟಣವೊಂದನ್ನು ಅದರೊಳಗೆ ಹಾಕಿದರೆ ಇನ್ನೂ ಒಳ್ಳೆಯದು. ಸ್ಟೀಲ್ ಡಬ್ಬಿ ಬೇಡ, ಬೀಗದ ಕೈ, ಚಿಲ್ಲರೆ ನಾಣ್ಯ, ಮೊಳೆಗಳಿರುವ ಎಳೆಪೆಟ್ಟಿಗೆಯಂತೂ ಬೇಡವೇ ಬೇಡ. ವಿಶೇಷವಾಗಿ 9 ವೋಲ್ಟಿನ ಚೌಕ ಬ್ಯಾಟರಿಯ ಎರಡೂ ತುದಿಗಳು ಒಂದೇ ಬದಿಯಲ್ಲಿ ಅಕ್ಕಪಕ್ಕದಲ್ಲಿರುವುದರಿಂದ ಒಂದು ನಾಣ್ಯವೋ ಪಾತ್ರೆ ಉಜ್ಜುವ ಉಕ್ಕಿನ ನಾರೋ ಅವುಗಳನ್ನು ಜೋಡಿಸಿದರೆ ಕಾದು ಬೆಂಕಿ ಹತ್ತುವ ಸಾಧ್ಯತೆಯಿದೆ. ಅದರ ತಲೆಗೆ ಇನ್ಸುಲೇಶನ್ ಟೇಪ್ ಅಂಟಿಸಿಯೇ ಇಡಬೇಕು, ಹೊಸದಾದರೂ ಹಳೆಯದಾದರೂ.

ಇನ್ನು ಒಸರುವ ವಿಚಾರ. ಟಾರ್ಚಿಗೂ ಗಡಿಯಾರಕ್ಕೂ ನಾವು ಹಾಕುವ ಅಗ್ಗದ ಸೆಲ್ ಜಿಂಕ್ ಕಾರ್ಬನ್ ಜಾತಿಯದು. 1866ರಲ್ಲಿ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ ರೂಪಿಸಿದ ದ್ರವದ ಕೋಶವನ್ನು 1880ರ ದಶಕದಲ್ಲಿ ಜರ್ಮನಿಯ ಕಾರ್ಲ್ ಗಾಸ್ನರ್ ಒಣಕೋಶವಾಗಿ ಮಾರ್ಪಡಿಸಿದಾಗ ಸತುವಿನ ಪಾತ್ರೆಯನ್ನೇ ಋಣಧ್ರುವವನ್ನಾಗಿ ಮಾಡಿದನು, ಮೂಲತಃ ಆ ರಚನೆಯೇ ಇಂದಿಗೂ ಉಳಿದಿದೆ. ಇದರ ಅರ್ಥವೇನೆಂದರೆ, ಸೆಲ್ ಕೆಲಸ ಮಾಡಿದಂತೆಲ್ಲ ಅದರ ಗೋಡೆಯೇ ಸವೆಯುತ್ತದೆ. ಪೂರ್ತಿ ಖಾಲಿಯಾಗುವ ಹೊತ್ತಿಗೆ ಗೋಡೆ ಅಲ್ಲಲ್ಲಿ ತೂತಾಗಿರುತ್ತದೆ, ಒಳಗಿನ ಆಮ್ಲೀಯ ಪಸೆ ಹೊರಬಂದು ಸ್ಪ್ರಿಂಗನ್ನೂ ಲೋಹದ ಪಟ್ಟಿಯನ್ನೂ ತಿನ್ನುತ್ತದೆ. ಆಲ್ಕಲೈನ್ ಸೆಲ್‌ನ ಹೊರಕವಚ ಉಕ್ಕಿನದಾದುದರಿಂದ ಸವೆಯುವುದಿಲ್ಲ. ಆದರೆ ಅದು ಖಾಲಿಯಾದ ಮೇಲೆ ಒಳಗೆ ಹೈಡ್ರೋಜನ್ ಅನಿಲ ಸೇರುತ್ತಾ ಹೋಗಿ, ಒತ್ತಡ ಹೆಚ್ಚಿದಾಗ ಸೀಲು ಬಿಟ್ಟುಕೊಂಡು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ತೀಕ್ಷ್ಣ ಕ್ಷಾರ ಹೊರಗೆ ಬರುತ್ತದೆ. ಅದು ಗಾಳಿಯ ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಆಗುವ ಪೊಟ್ಯಾಸಿಯಂ ಕಾರ್ಬೊನೇಟೇ ತಾವು ನೋಡಿದ ಬಿಳಿಯ ಪುಡಿ. ಎರಡು ಜಾತಿಗಳಲ್ಲಿಯೂ ಅಪಾಯ ಬರುವುದು ಮುಖ್ಯವಾಗಿ ಖಾಲಿಯಾದ ನಂತರ. ಆದುದರಿಂದ ಬೆಲೆ ಹೆಚ್ಚಿನ ಸೆಲ್ ಹಾಕಿದ್ದೇವೆಂಬ ಧೈರ್ಯದಿಂದ ಅದನ್ನು ಒಳಗೇ ಬಿಡುವುದು ಸರಿಯಲ್ಲ. ತೋಟಕ್ಕೆ ಹೋಗುವ ಟಾರ್ಚ್ ಮಳೆಗಾಲ ಮುಗಿದು ಮೂಲೆ ಸೇರುವಾಗ, ಮಕ್ಕಳ ಆಟಿಕೆಯ ಕಾರು ಬೇಸರವಾಗಿ ಕಪಾಟು ಸೇರುವಾಗ, ಮಂಗಳೂರಿಗೋ ಮುಂಬಯಿಗೋ ತಿಂಗಳುಗಟ್ಟಲೆ ಹೋಗುವಾಗ, ಸೆಲ್ ತೆಗೆದು ಬೇರೆ ಇಡಿ. ನನ್ನ ಗಿರಾಕಿಗಳಿಗೆ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವ ಮಾತು ಇದೊಂದೇ.

ಒಸರಿದ ಸೆಲ್ಲನ್ನು ತೆಗೆಯುವಾಗ ಕೈಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಸುತ್ತಿಕೊಳ್ಳಬೇಕು, ಆ ಕೈಯಿಂದ ಕಣ್ಣು ಮುಟ್ಟಬಾರದು. ಆಲ್ಕಲೈನ್ ಸೆಲ್ ಒಸರಿದ್ದರೆ ಹತ್ತಿಯ ಕಡ್ಡಿಯನ್ನು ವಿನೆಗರಿನಲ್ಲೋ ಲಿಂಬೆರಸದಲ್ಲೋ ಅದ್ದಿ ಒರೆಸಿ, ಅದು ನೊರೆಗಟ್ಟಿ ಶಾಂತವಾದ ಮೇಲೆ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಜಿಂಕ್ ಕಾರ್ಬನ್ ಸೆಲ್‌ನ ಪಸೆ ಆಮ್ಲೀಯವಾದುದರಿಂದ ಅಲ್ಲಿಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಬೇಕು. ಆಮೇಲೆ ತುದಿಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ, ತುಕ್ಕು ಹೆಚ್ಚಾಗಿದ್ದರೆ ನುಣುಪಾದ ಉಜ್ಜುಕಾಗದದಿಂದ ತಿಕ್ಕಿದರೆ ಹೆಚ್ಚಿನ ಟಾರ್ಚ್‌ಗಳು ಮತ್ತೆ ಉರಿಯುತ್ತವೆ. ಒಸರದಿದ್ದರೂ ನಮ್ಮ ಊರಿನ ತೇವಕ್ಕೆ ಸ್ಪ್ರಿಂಗಿನ ಮೇಲೆ ತೆಳ್ಳಗೆ ಪಾಚಿಬಣ್ಣದ ಪದರ ಕೂರುತ್ತದೆ, ಸೆಲ್ ಮುಗಿಯಿತೆಂದು ಜನ ಎಸೆಯುವುದರಲ್ಲಿ ಎಷ್ಟೋ ಸಲ ನಿಜವಾಗಿ ಕೆಟ್ಟಿರುವುದು ಈ ಸಂಪರ್ಕ ಮಾತ್ರ. ಟಿವಿ ರಿಮೋಟ್ ಕೆಲಸ ಮಾಡದಿದ್ದರೆ ಮೊದಲು ಸೆಲ್‌ಗಳನ್ನು ಇದ್ದಲ್ಲಿಯೇ ಬೆರಳಿನಿಂದ ತಿರುಗಿಸಿ ನೋಡಿ. ಆಮೇಲೆ ಮೊಬೈಲ್ ಕ್ಯಾಮೆರಾದ ಎದುರಿಗೆ ರಿಮೋಟಿನ ತುದಿಯನ್ನು ಹಿಡಿದು ಗುಂಡಿ ಒತ್ತಿ. ಕಣ್ಣಿಗೆ ಕಾಣದ ಅತಿಗೆಂಪು ಬೆಳಕು ಕ್ಯಾಮೆರಾದಲ್ಲಿ, ಅದರಲ್ಲೂ ಮುಂಭಾಗದ ಕ್ಯಾಮೆರಾದಲ್ಲಿ, ಮಿನುಗಾಗಿ ಕಾಣುತ್ತದೆ, ಕಂಡರೆ ಸೆಲ್ ಸರಿಯಿದೆ ಎಂದೇ ತಿಳಿಯಬಹುದು.

ಹಳೆಯದನ್ನೂ ಹೊಸದನ್ನೂ ಸೇರಿಸಿ ಹಾಕಬೇಡಿ. ಮೂರು ಸೆಲ್‌ನ ಟಾರ್ಚಿನಲ್ಲಿ ಮೂರೂ ಸಾಲಾಗಿರುವುದರಿಂದ ಎಲ್ಲದರ ಮೂಲಕವೂ ಒಂದೇ ಪ್ರಮಾಣದ ವಿದ್ಯುತ್ತು ಹರಿಯಬೇಕು. ಒಂದು ಸೆಲ್ ಮೊದಲೇ ಮುಗಿದರೆ ಉಳಿದೆರಡು ಅದರ ಮೂಲಕವೂ ವಿದ್ಯುತ್ತನ್ನು ತಳ್ಳುತ್ತಲೇ ಇರುತ್ತವೆ, ಆಗ ಆ ದುರ್ಬಲ ಸೆಲ್‌ನ ಧ್ರುವಗಳು ಅದಲುಬದಲಾಗಿ ಒಳಗೆ ಅನಿಲ ಹುಟ್ಟಿ ಅದು ಬೇಗನೆ ಒಸರುತ್ತದೆ. ಎರಡು ಕಂಪೆನಿಗಳದ್ದನ್ನು, ಎರಡು ಜಾತಿಯದ್ದನ್ನು ಬೆರೆಸಿದರೂ ಇದೇ ಕಥೆ. ಟಾರ್ಚಿನಲ್ಲಿ ಮಂಕಾದ ಸೆಲ್‌ಗಳನ್ನು ಒಟ್ಟಿಗೆ ತೆಗೆದು, ಒಂದೇ ಸೆಲ್ ಬೇಡುವ ಗೋಡೆ ಗಡಿಯಾರಕ್ಕೆ ಒಂದೊಂದಾಗಿ ಬಳಸಿಕೊಳ್ಳಬಹುದು. ಆದರೆ ಅಂಥ ಸೆಲ್ಲನ್ನು ಆಗಾಗ ತೆಗೆದು ನೋಡುತ್ತಿರಬೇಕು. ಸೆಕೆಂಡಿನ ಮುಳ್ಳು ಒಂಬತ್ತರ ಹತ್ತಿರ ಮೇಲಕ್ಕೆ ಏರಲಾರದೆ ಇದ್ದಲ್ಲಿಯೇ ಕಂಪಿಸತೊಡಗಿದರೆ ಅದರ ಕಾಲ ಮುಗಿಯಿತು.

ಇದೇ ಸಂದರ್ಭದಲ್ಲಿ ನಮ್ಮಲ್ಲಿ ರೂಢಿಯಲ್ಲಿರುವ ಎರಡು ಅಭ್ಯಾಸಗಳ ಬಗ್ಗೆಯೂ ಹೇಳಬೇಕು. ಮಂಕಾದ ಸೆಲ್‌ಗಳನ್ನು ಅಂಗಳದ ಬಿಸಿಲಿನಲ್ಲಿ ಇಟ್ಟು ಮತ್ತೆ ಹಾಕುವುದು ಅನೇಕ ಮನೆಗಳಲ್ಲಿ ಉಂಟು, ಸ್ವಲ್ಪ ಹೊತ್ತು ಬೆಳಕು ಬರುವುದೂ ನಿಜ. ಕಾವಿಗೆ ಒಳಗಿನ ಕ್ರಿಯೆ ಚುರುಕಾಗಿ ಆಂತರಿಕ ತಡೆ ಕಡಿಮೆಯಾಗುವುದರಿಂದ ಉಳಿದ ಅಲ್ಪಸ್ವಲ್ಪ ಹೊರಗೆ ಬರುತ್ತದೆಯೇ ಹೊರತು ಹೊಸದಾಗಿ ಏನೂ ಸೇರುವುದಿಲ್ಲ, ಸವೆದ ಗೋಡೆ ಮಾತ್ರ ಇನ್ನಷ್ಟು ಬೇಗ ಸೋರುತ್ತದೆ. ಸೆಲ್ಲನ್ನು ಹಲ್ಲಿನಿಂದ ಕಚ್ಚಿ ನೆಗ್ಗಿಸುವ ಇನ್ನೊಂದು ಅಭ್ಯಾಸವಂತೂ ಬಾಯಿಗೆ ರಾಸಾಯನಿಕ ತಾಗಿಸುವ ಕೆಲಸ, ದಯವಿಟ್ಟು ಮಕ್ಕಳ ಎದುರಿನಲ್ಲಾದರೂ ಮಾಡಬೇಡಿ. ರೀಚಾರ್ಜಬಲ್ ಎಂದು ಬರೆಯದ ಸೆಲ್ಲನ್ನು ಚಾರ್ಜರಿಗೆ ಹಾಕುವುದೂ ಅಷ್ಟೇ ಅಪಾಯಕರ.

ಯಾವುದಕ್ಕೆ ಯಾವ ಸೆಲ್ ಎಂಬ ಪ್ರಶ್ನೆಯನ್ನು ತಾವು ಕೇಳಿಲ್ಲವಾದರೂ ಒಟ್ಟಿಗೆ ತರುವವರಿಗೆ ಅದು ಬೇಕಾಗುತ್ತದೆ. ಗಡಿಯಾರ ಮತ್ತು ರಿಮೋಟುಗಳು ಎಳೆಯುವ ವಿದ್ಯುತ್ತು ಅತ್ಯಲ್ಪ, ಅವಕ್ಕೆ ಜಿಂಕ್ ಕಾರ್ಬನ್ ಸಾಕು. ಟಾರ್ಚ್ ನಿತ್ಯ ಉರಿಯುವುದಾದರೆ, ಆಟಿಕೆಗಳು ಓಡುವುದಾದರೆ, ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜಬಲ್ ಸೆಲ್‌ಗಳಿಗೆ ಕೊಟ್ಟ ಹಣ ಬೇಗನೆ ಮರಳುತ್ತದೆ. ಅವುಗಳ ವೋಲ್ಟೇಜ್ 1.5ರ ಬದಲು 1.2 ಎಂದು ನೋಡಿ ಹಿಂಜರಿಯಬೇಕಾಗಿಲ್ಲ, ಏಕೆಂದರೆ ಸಾಮಾನ್ಯ ಸೆಲ್ ಬಳಕೆಯ ನಡುವೆ ಆ ಮಟ್ಟಕ್ಕೆ ಇಳಿದೇ ಇರುತ್ತದೆ, ಇವು ಆ ಮಟ್ಟವನ್ನು ಬಹುಕಾಲ ಹಿಡಿದಿಟ್ಟುಕೊಳ್ಳುತ್ತವೆ. ಸೆಲ್ಲನ್ನು ನೆಲಕ್ಕೆ ಬಿಟ್ಟು, ಪುಟಿದರೆ ಮುಗಿದಿದೆ ಎಂದು ತಿಳಿಯುವ ಪರೀಕ್ಷೆ ಆಲ್ಕಲೈನ್ ಸೆಲ್‌ಗಳಿಗೆ ಅನ್ವಯಿಸುತ್ತದಾದರೂ, ಅರ್ಧದಷ್ಟು ಶಕ್ತಿ ಉಳಿದಿರುವಾಗಲೇ ಅವು ಚೆನ್ನಾಗಿ ಪುಟಿಯತೊಡಗುವುದರಿಂದ ಪುಟಿದದ್ದನ್ನೆಲ್ಲ ಎಸೆದರೆ ನಷ್ಟ. ವೋಲ್ಟೇಜ್ ಅಳೆಯುವ, ಸಾಧಾರಣ ಬೆಲೆಯ ಮಲ್ಟಿಮೀಟರ್ ಒಂದಿದ್ದರೆ ಅನುಮಾನವೇ ಇರುವುದಿಲ್ಲ.

ಕರೆಂಟು ಹೋದಾಗ ಉರಿಯುವ ಎಮರ್ಜೆನ್ಸಿ ದೀಪದ ಬಗ್ಗೆ ಒಂದು ಎಚ್ಚರಿಕೆ ಬೇಕು. ಹಳೆಯ ಮಾದರಿಯ ಹೆಚ್ಚಿನವುಗಳಲ್ಲಿ ಇರುವುದು ಮುಚ್ಚಿದ ಸೀಸ-ಆಮ್ಲ ಬ್ಯಾಟರಿ. ಅದು ಖಾಲಿಯಾಗಿಯೇ ಉಳಿದರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು ಮತ್ತೆ ಚಾರ್ಜ್ ಹಿಡಿಯುವುದೇ ಇಲ್ಲ. ಅದನ್ನು ತುಂಬಿಸಿಯೇ ಇಡಬೇಕು, ಬೇಸಗೆಯಲ್ಲಿ ಬಳಸದಿದ್ದರೂ ಎರಡು ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು. ಪವರ್ ಬ್ಯಾಂಕ್, ಮೊಬೈಲ್‌ಗಳ ಲಿಥಿಯಂ ಅಯಾನ್ ಬ್ಯಾಟರಿಗಳ ಸ್ವಭಾವ ಬೇರೆ, ಅವುಗಳನ್ನು ಬಹುಕಾಲ ಸುಮ್ಮನೆ ಇಡುವುದಾದರೆ ಅರ್ಧದಷ್ಟು ಚಾರ್ಜಿನಲ್ಲಿ ಇಡುವುದು ಒಳ್ಳೆಯದು. ಉಬ್ಬಿಕೊಂಡದ್ದನ್ನು ಚುಚ್ಚಬೇಡಿ, ಚಾರ್ಜಿಗೂ ಹಾಕಬೇಡಿ.

ತಮ್ಮ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈಗ ಬರೆಯುವುದನ್ನು ಗಮನವಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇನೆ. ತೂಕದ ಯಂತ್ರ, ಕಾರಿನ ಕೀ, ಸಣ್ಣ ರಿಮೋಟುಗಳಲ್ಲಿ ಇರುವ ಸಿಆರ್2032 ಎಂಬ ನಾಣ್ಯದಾಕಾರದ ಲಿಥಿಯಂ ಸೆಲ್ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಮಗು ನುಂಗಿದಾಗ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿಯ ತೇವದಲ್ಲಿ ವಿದ್ಯುತ್ತು ಹರಿದು ಕ್ಷಾರ ಹುಟ್ಟಿ ಎರಡು ಗಂಟೆಗಳೊಳಗೆ ಆಳವಾದ ಸುಟ್ಟಗಾಯವಾಗಬಹುದು. ಯಂತ್ರ ನಡೆಸಲಾಗದಷ್ಟು ಮುಗಿದ ಸೆಲ್‌ನಲ್ಲಿಯೂ ಇದಕ್ಕೆ ಬೇಕಾದಷ್ಟು ಶಕ್ತಿ ಇರುತ್ತದೆ. ಮಗು ಅಳದಿದ್ದರೂ, ಚೆನ್ನಾಗಿಯೇ ಆಡುತ್ತಿದ್ದರೂ ಕಾಯಬಾರದು. ವಾಂತಿ ಮಾಡಿಸಬಾರದು. ಎಕ್ಸ್‌ರೇ ಮತ್ತು ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಕೂಡಲೇ ಹೊರಡಬೇಕು. ನಮ್ಮ ಗ್ರಾಮಗಳಿಂದ ಅದು ದೂರದ ಪ್ರಯಾಣವೇ ಆಗಬಹುದಾದುದರಿಂದ ಎಲ್ಲಿ ಆ ಸೌಕರ್ಯವಿದೆ ಎಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ. ಒಂದು ವರ್ಷ ಮೀರಿದ, ನುಂಗಲು ಕಷ್ಟವಿಲ್ಲದ ಮಗುವಿಗೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನು ಕೊಡಬಹುದೆಂದು ವಿಷಚಿಕಿತ್ಸಾ ತಜ್ಞರು ಹೇಳುತ್ತಾರೆ. ಆದರೆ ಜೇನು ಹುಡುಕುವುದಕ್ಕಾಗಿ ಹೊರಡುವುದು ತಡವಾಗಕೂಡದು, ಒಂದು ವರ್ಷದೊಳಗಿನ ಶಿಶುವಿಗೆ ಜೇನು ಕೊಡಲೇಬಾರದು. ಅಂಥ ಸೆಲ್ ಇರುವ ಸಾಧನದ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಗಟ್ಟಿಯಾಗಿ ಟೇಪ್ ಸುತ್ತಿ.

ಮುಗಿದವುಗಳ ವಿಷಯಕ್ಕೆ ಬಂದರೆ, ಅಡಿಕೆಯ ಸೋಗೆಯೊಂದಿಗೆ ಸುಡುವ ಕಸಕ್ಕೂ ಬಚ್ಚಲಿನ ಹಂಡೆಯ ಒಲೆಗೂ ಸೆಲ್ ಹಾಕಬಾರದು, ಮುಚ್ಚಿದ ಕವಚ ಕಾದಾಗ ಸಿಡಿಯುತ್ತದೆ. ತೆಂಗಿನ ಬುಡದಲ್ಲಿ ಹುಗಿಯುವುದೂ ಬೇಡ, ನಾವು ಕುಡಿಯುವ ಬಾವಿಯ ನೀರು ಅದೇ ಮಣ್ಣಿನ ಮೂಲಕ ಇಳಿದು ಬಂದದ್ದು. ಕೇಂದ್ರ ಸರಕಾರವು 2022ರಲ್ಲಿ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಈ ಸಣ್ಣ ಸೆಲ್‌ಗಳಿಗೂ ಅನ್ವಯಿಸುತ್ತವೆ. ಮುಗಿದ ಬ್ಯಾಟರಿಗಳನ್ನು ಮರಳಿ ಪಡೆದು ಸಂಸ್ಕರಿಸುವ ಹೊಣೆಯನ್ನು ಅವು ತಯಾರಕರ ಮೇಲೆ ಹಾಕಿವೆ, ಬೇರೆ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಕೊಡುವ ಹೊಣೆಯನ್ನು ಬಳಕೆದಾರರಾದ ನಮ್ಮ ಮೇಲೆ. ಪ್ಯಾಕೆಟಿನ ಮೇಲೆ ಕಾಣುವ, ಗೀಟು ಹಾಕಿದ ಚಕ್ರದ ಕಸದ ತೊಟ್ಟಿಯ ಚಿಹ್ನೆಯ ಅರ್ಥ ಇದೇ. ಕೇರಳದಲ್ಲಿ ಇರುವ ನಮಗೆ ಮನೆಬಾಗಿಲಿಗೆ ಬಂದು ಒಣಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಮಹಿಳೆಯರಿದ್ದಾರೆ. ಅವರು ಪ್ರತಿ ತಿಂಗಳೂ ಎಲ್ಲ ಬಗೆಯ ವಸ್ತುಗಳನ್ನು ಒಯ್ಯುವುದಿಲ್ಲ. ಇ-ತ್ಯಾಜ್ಯವನ್ನು ಯಾವಾಗ ತೆಗೆದುಕೊಳ್ಳುತ್ತಾರೆ ಎಂದು ತಮ್ಮ ವಾರ್ಡಿನವರನ್ನು ಕೇಳಿ ತಿಳಿದುಕೊಳ್ಳಿ. ಅಲ್ಲಿಯವರೆಗೆ ಹೊಸ ಸೆಲ್‌ಗಳ ಡಬ್ಬಿಗೆ ಸೇರಿಸದೆ ಬೇರೊಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ, ನಾಣ್ಯದಾಕಾರದ ಸೆಲ್‌ಗಳ ಎರಡೂ ಮುಖಗಳಿಗೆ ಟೇಪ್ ಅಂಟಿಸಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಿ. ಅದನ್ನು ಅವರಿಗೆ ಕೊಡುವಾಗ ಪ್ಲಾಸ್ಟಿಕ್ ಚೀಲದ ರಾಶಿಯೊಳಗೆ ತುರುಕದೆ, ಒಳಗೆ ಬ್ಯಾಟರಿ ಇದೆ ಎಂದು ಹೇಳಿ ಕೈಗೇ ಕೊಡಿ.